ಟ್ರಂಕಿನೊಳಗಿನ ಟಾರ್ಪಾಲು

ಸರ್ಕಾರದ ಸವಲತ್ತು ಊರಿಗೆ ಬಂದರೆ ಕೆಲಸ ಮುಗಿಯಿತು ಅನ್ನುವವರು ಒಂದು ದಿನವಾದರೂ ಗ್ರಾಮಸೇವಕರಾಗಿ ನೋಡಬೇಕು. ಎಂಬತ್ತರ ದಶಕದಲ್ಲಿ ನಾನು ಅಜ್ಜಂಪುರದ ಹತ್ತಿರ ಆ ಕೆಲಸದಲ್ಲಿದ್ದೆ. ನಮ್ಮ ಒಣಮೆಣಸಿನಕಾಯಿಗೆ ಬಣ್ಣವಿತ್ತು, ಖಾರವಿತ್ತು. ಬರಿನೆಲದ ಮೇಲೆ ಒಣಗಿಸುತ್ತಿದ್ದರಿಂದ ಜೊತೆಗೆ ಮಣ್ಣೂ ಇತ್ತು. ಅದಕ್ಕೇ ಹೊರದೇಶಕ್ಕೆ ಕಳಿಸುವ ವ್ಯಾಪಾರಿಗಳು ಮೂಸಿಯೂ ನೋಡುತ್ತಿರಲಿಲ್ಲ. ಇಲಾಖೆಯಿಂದ ಸಿಮೆಂಟಿನ ಕಣ ಮಂಜೂರಾದರೆ ಊರೇ ಚೇತರಿಸಿಕೊಳ್ಳುತ್ತಿತ್ತು. ಕೊಡಿಸಿಯೇ ಕೊಡಿಸುತ್ತೇನೆ ಎಂದು ಮಾತು ಕೊಟ್ಟು ಸಿಕ್ಕಿಹಾಕಿಕೊಂಡೆ.

೧. ಭದ್ರವಾಗೈತೆ

ಕಣ ಬರುವ ತನಕ ಇರಲಿ ಎಂದು ಇಲಾಖೆ ಮನೆಗೊಂದು ಟಾರ್ಪಾಲು ಹಂಚಿತು. ಕೆಲವು ದಿನ ಬಿಟ್ಟು ಹೋಗಿ ನೋಡಿದರೆ ಮೆಣಸಿನಕಾಯಿ ಮೊದಲಿನ ಹಾಗೇ ಮಣ್ಣಿನಲ್ಲಿ ಬಿದ್ದಿತ್ತು.

"ಟಾರ್ಪಾಲ್ ಎಲ್ರೀ ಗೌಡ್ರೇ?"

ಊರಿನ ಹಿರಿಯರಾದ ಗೌಡರು ಹೆಮ್ಮೆಯಿಂದ, "ಟ್ರಂಕ್‌ನಾಗೆ ಭದ್ರವಾಗೈತೆ ಕಣ್ರೀ" ಅಂದರು.

"ಹಾಸೋಕೆ ಕೊಟ್ಟಿದ್ದಲ್ವಾ?"

"ಅಷ್ಟು ಚೆಂದದ ಟಾರ್ಪಾಲ್ ಮ್ಯಾಲೆ ಮೆಣಸಿನಕಾಯಿ ಸುರಿದ್ರೆ ಹಾಳಾಗಲ್ವೇನ್ರೀ?"

೨. ಹೆಣ್ಣು ತೋರಿಸುವುದು

ಕಣ ಮಂಜೂರು ಮಾಡಬೇಕಾದ ಕಡೂರಿನ ಸಾಹೇಬರು ಮೆಣಸಿನಕಾಯಿಯ ಸ್ಯಾಂಪಲ್ ಕೇಳಿದರು. ಗೌಡರ ಮನೆಯಮ್ಮ ಒಳ್ಳೊಳ್ಳೆ ಕಾಯಿ ಆರಿಸಿ ಕಟ್ಟಿಕೊಟ್ಟರು. ಸಾಹೇಬರ ಮೇಜಿನ ಮೇಲೆ ಪೊಟ್ಟಣ ಬಿಚ್ಚಿದರೆ ಕಾಗದವೆಲ್ಲ ಎಣ್ಣೆ!

"ಮೆಣಸಿನಕಾಯಿ ಕೇಳಿದ್ದೆ ಕಣ್ರೀ, ಬಜ್ಜಿ ಅಲ್ಲ" ಎಂದು ಸಾಹೇಬರು ಗುಡುಗಿದರು. "ನಾನೇ ಬಂದು ನೋಡ್ತೀನಿ. ಮಣ್ಣಲ್ಲಿ ಒಂದು ಕಾಯಿ ಕಂಡ್ರೂ ಕಣ ಬೇರೆ ಊರಿಗೆ."

ಊರಿಗೆ ಬಂದು ಆ ತಾಯಿಯ ಮುಂದೆ ಕೂಗಾಡಿದೆ. ಆಕೆ ಸ್ವಲ್ಪವೂ ಅಲ್ಲಾಡಲಿಲ್ಲ.

"ಹೆಣ್ಣು ನೋಡೋಕೆ ಬತ್ತಾರೆ ಅಂದ್ರೆ ಎಣ್ಣೆ ಹಚ್ಚಿ ತಲೆ ಬಾಚಲ್ವೇನಪ್ಪಾ?"

೩. ಸಾಹೇಬರ ಸವಾರಿ

"ನಾಳೆ ಸಾಹೇಬ್ರು ಬರ್ತಾರೆ, ಒಂದು ಟಾರ್ಪಾಲೂ ಟ್ರಂಕಲ್ಲಿ ಇರಬಾರ್ದು, ಎಲ್ಲಾ ಹಾಸಿರಬೇಕು" ಎಂದು ಗೌಡರಿಗೆ ಕೈಮುಗಿದು ಹೇಳಿದೆ. ಮಾರನೆಯ ದಿನ ಸಾಹೇಬರ ಜೀಪಿನಲ್ಲೇ ಬರಬೇಕಾಯಿತು. ದಾರಿಯುದ್ದಕ್ಕೂ ನನ್ನ ಜೀವ ಕೈಯಲ್ಲಿತ್ತು. ಕಣ ಹೋದರೆ ಈ ಊರಿಗೆ ಯಾವ ಮುಖ ಹೊತ್ತು ಬರಲಿ?

ದೂರದಿಂದಲೇ ಟಾರ್ಪಾಲುಗಳು ಮಿಂಚುವುದು ಕಂಡು ಉಸಿರು ಬಂತು. ಹತ್ತಿರ ಹೋದಾಗ ಬಂದ ಉಸಿರೂ ನಿಂತಿತು. ಊರಿನ ಟಾರ್ಪಾಲುಗಳನ್ನೆಲ್ಲ ರಸ್ತೆಯಿಂದ ಗೌಡರ ಜಗಲಿಯವರೆಗೆ ಸಾಲಾಗಿ ಹಾಸಿದ್ದರು. ಮೆಣಸಿನಕಾಯಿ ಪಕ್ಕದಲ್ಲಿ, ಮಣ್ಣಿನ ಮೇಲೇ ಇತ್ತು.

"ಇದರ ಮ್ಯಾಲೇ ಬರ್ರಿ ಸ್ವಾಮಿ, ಬೂಟಿಗೆ ಮಣ್ಣಾಗಬಾರ್ದು" ಅಂದರು ಗೌಡರು.

"ಗೌಡ್ರೇ, ಹೊರದೇಶಕ್ಕೆ ಹೋಗೋದು ನಾನಲ್ಲ ಕಣ್ರೀ, ನಿಮ್ಮ ಮೆಣಸಿನಕಾಯಿ!" ಎಂದು ಸಾಹೇಬರು ರೇಗಿದರು.

ಸಾಹೇಬರು ಮಣ್ಣಿನಲ್ಲೇ ನಡೆದು ಹೋಗಿ ಒಂದು ಕಾಯಿ ಎತ್ತಿ, ಕೊಡವಿ, ಮುರಿದು ಮೂಸಿದರು. ಜೋರಾಗಿ ಸೀನಿದರು. ಆಮೇಲೆ ಪೆನ್ನು ತೆಗೆದರು. ನಾನು ಓಡಿ ಹೋಗಿ ಅಡ್ಡ ನಿಂತೆ.

"ಸಾರ್, ಬೇರೆ ಊರಿಗೆ ಬರೀಬೇಡಿ. ಪಾಪದ ಜನ..."

"ಈ ಊರಿಗೇ ಬರೀತಿದೀನಿ, ಸುಮ್ನಿರ್ರೀ" ಎಂದು ಸಾಹೇಬರು ಕಣ್ಣೊರೆಸಿಕೊಂಡರು. "ಸಿಮೆಂಟ್ ಕಣ ಆದ್ರೆ ಯಾರೂ ಮಡಚಿ ಟ್ರಂಕಲ್ಲಿ ಇಡೋಕಾಗಲ್ಲ!"