ಸದ್ದು ಕೇಳಿದ ಅಜ್ಜಿ

ಆ ದಿನದ ರಗಳೆಗೆಲ್ಲ ಮೂಲ ಒಂದು ರೈಸ್ ಕುಕ್ಕರ್.

ಹೊಸ ಮನೆಯ ಹೊಸಿಲನ್ನು ಮೊದಲು ದಾಟಬೇಕಾದದ್ದು ಕುಕ್ಕರ್. ಗಂಡ, ಹೆಂಡತಿ, ಮಗು, ಮಂಚ ಎಲ್ಲ ಅದರ ಹಿಂದೆ. ಇದು ಗಿತೇಯ ಅತ್ತೆಯ ಕಟ್ಟಪ್ಪಣೆ. ಬೆಳಗಿನಿಂದ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದರು.

“ಅಳಿಯಂದ್ರೇ, ಕುಕ್ಕರ್ ನಿಮ್ಮ ತೊಡೆ ಮೇಲೇ ಬರ್ಬೇಕು. ಲಾರಿಗೆ ಹಾಕಿ, ಆಮೇಲೆ ನನ್ನ ಮಗಳು ಉಪವಾಸ ಬಿದ್ರೆ ನನ್ನ ಕೇಳ್ಬೇಡಿ.”

“ಆಯ್ತು ಅತ್ತೆ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ.”

ನೋಡಿಕೊಂಡ ಕೂಡ. ಅವರ ಏಳನೇ ಮಹಡಿಯ ಮನೆಯ ಕಿಟಕಿಗೆ ಸಾಮಾನು ಇಳಿಸುವ ಲಾರಿಯೊಂದು ಉದ್ದನೆಯ ಏಣಿ ಆನಿಸಿತ್ತು. ಆ ಏಣಿಯ ಮೇಲೆ ಜಾರುವ ಹಲಗೆಯಲ್ಲಿ, ಹಾಸಿಗೆಗಳ ರಾಶಿಯ ತುದಿಯಲ್ಲಿ, ಕುಕ್ಕರ್ ಅಂಬಾರಿ ಏರಿದ ಮಹಾರಾಜನ ಹಾಗೆ ಕೆಳಗಿಳಿಯುತ್ತಿರುವುದನ್ನು ಗಿತೇ ಕಣ್ಣಾರೆ ನೋಡಿದ. ಸಾಮಾನಿನವರು ಸಿಕ್ಕಿದ್ದನ್ನೆಲ್ಲ ಹೇರಿದ್ದರು. ಅವನು “ಏಯ್, ನಿಲ್ಸಿ!” ಎಂದು ಕೂಗಿದ. ನಿಲ್ಲಿಸಿದರು. ಹಲಗೆ ಸರಿಯಾಗಿ ಒಂದು ಮಹಡಿ ಕೆಳಗೆ, ಆರನೇ ಮಹಡಿಯ ಕಿಟಕಿಯ ಎದುರಿಗೆ ನಿಂತಿತು. ಮತ್ತೆ ಹೊರಡಲಿಲ್ಲ, ಎಲ್ಲೋ ಸರಪಳಿ ಕಚ್ಚಿಕೊಂಡಿತ್ತು. ತುಂತುರು ಮಳೆ ಬೇರೆ.

ಆಗ ಆ ಕಿಟಕಿ ಸರಿಯಿತು. ನರಗಳು ಎದ್ದ ಎರಡು ಕೈಗಳು ಹೊರಗೆ ಬಂದು ಕುಕ್ಕರನ್ನು ಎತ್ತಿಕೊಂಡು ಒಳಗೆ ಹೋದವು. ಕಿಟಕಿ ಮುಚ್ಚಿತು.

ಕೆಳಗಿನಿಂದ ಕಾವಲುಗಾರ ಪ್ಯೋ ಮಾಮ ಇಡೀ ಕಟ್ಟಡಕ್ಕೆ ಕೇಳುವಂತೆ ಸಾರಿದ: “ಸಾರ್, ಹೋಯ್ತು! ನಿಮ್ಮ ಕುಕ್ಕರ್ ಕೆಳಗಿನ ಮನೆ ಅಜ್ಜಿ ಕೈಗೆ ಸಿಕ್ತು!”

ಗಿತೇ ಕಿಟಕಿಯಿಂದ ತಲೆ ಒಳಗೆಳೆದುಕೊಂಡ. ಪ್ರಪಂಚದಲ್ಲಿ ಯಾರ ಕೈಗಾದರೂ ಸಿಗಬಹುದಿತ್ತು.

ಈ ಒಂದು ವರ್ಷ ಅವನ ಸಂಸಾರ ಹೆದರಿದ್ದು ಆ ಆರನೇ ಮಹಡಿಗೆ. ಮಗ ಗಾವೊನ್ ಮೊದಲ ಸಲ ಮಗುಚಿಕೊಂಡು ತಲೆಯನ್ನು ನೆಲಕ್ಕೆ ಕುಟ್ಟಿದ ವಾರವೇ ಗೋಡೆಯ ಫೋನು ಗುಂಯ್‌ಗುಟ್ಟಿತ್ತು. ಅಲ್ಲಿ ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಹೇಳುವುದನ್ನು ಕಾವಲುಗಾರನಿಗೆ ಹೇಳಬೇಕು, ಅವನು ಗೋಡೆಯ ಫೋನಿನಲ್ಲಿ ದಾಟಿಸಬೇಕು. “ಸಾರ್, ಕೆಳಗಿನ ಮನೆ ಅಜ್ಜಿ ಸದ್ದಿನ ವಿಷ್ಯ ಕೇಳ್ತಿದಾರೆ,” ಎಂದಿದ್ದ ಪ್ಯೋ ಮಾಮ, ಗಂಟಲು ತಗ್ಗಿಸಿ. ಅಷ್ಟು ಸಾಕಿತ್ತು. ಗಿತೇ ಅವತ್ತೇ ದಪ್ಪ ಚಾಪೆ ತಂದು ಹಾಸಿದ. ಒಂದು ಚೀಲ ಕಿತ್ತಳೆ ತಂದು ಅಜ್ಜಿಯ ಬಾಗಿಲ ಹಿಡಿಗೆ ತೂಗುಹಾಕಿ ಕಳ್ಳನ ಹಾಗೆ ಓಡಿಬಂದ.

ಗಾವೊನ್ ಅಂಬೆಗಾಲಿಟ್ಟ. ಚಾಪೆಯ ಮೇಲೆ ಇನ್ನೊಂದು ಚಾಪೆ ಬಿತ್ತು. ಆದರೂ ಫೋನು ಬಂತು: “ಸದ್ದಿನ ವಿಷ್ಯ ಸಾರ್, ಮತ್ತೆ ಕೇಳ್ತಿದಾರೆ.” ಈ ಸಲ ಅಜ್ಜಿಯ ಬಾಗಿಲಿಗೆ ಪೇರ್ ಹಣ್ಣು ಹೋಯಿತು. ಮಗು ಮೇಜು ಹಿಡಿದು ನಿಂತಿತು. ನಿಂತದ್ದೇ ತಡ, ಗಂಡ ಹೆಂಡತಿ ಇಬ್ಬರೂ ಉಕ್ಕುವ ಹಾಲಿನ ಪಾತ್ರೆಯಂತೆ ಅದನ್ನು ಎತ್ತಿಕೊಂಡರು. ಮತ್ತೂ ಫೋನು. ಮಗುವಿಗೆ ವರ್ಷ ತುಂಬಿದ ಹಬ್ಬದ ದಿನ ಅಜ್ಜಿ ಒಂದು ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಇವರ ಬಾಗಿಲಿಗೆ ತೂಗುಹಾಕಿದ್ದರು. ಬೆರಳಿನಷ್ಟು ದಪ್ಪ.

“ನೋಡಿ, ಹೆಜ್ಜೆ ಸದ್ದು ಬರ್ಬಾರ್ದು ಅಂತ ತಿವಿದಿರೋದು,” ಎಂದು ಹೆಂಡತಿ ಯೊಂಜು ಅತ್ತಿದ್ದಳು. “ಇವನು ಈ ಮನೇಲಿ ನಡೆಯೋದು ಕಲಿಯಲ್ಲ, ಗಾವೊನಪ್ಪ.”

ಮರುದಿನ ಗಿತೇ ಮೇಲಧಿಕಾರಿಯ ಎದುರು ಸೊಂಟ ಬಗ್ಗಿಸಿ ನಿಂತು, ಯಾರೂ ಹೋಗಲೊಲ್ಲದ ಗೋಜೆ ದ್ವೀಪದ ಹಡಗಿಗೆ ಬಳಿಯುವ ಬಣ್ಣದ ಕಾರ್ಖಾನೆಗೆ ತನ್ನನ್ನು ಹಾಕಿ ಎಂದು ಬೇಡಿಕೊಂಡ. ಮನೆಗೆ ಬಂದು “ಕಂಪನಿ ವರ್ಗ ಮಾಡಿದೆ,” ಎಂದ. ಯೊಂಜು ತಾನು ಪಿಯಾನೊ ಹೇಳಿಕೊಡುತ್ತಿದ್ದ ಮಕ್ಕಳಿಗೆಲ್ಲ ಒಂದೊಂದು ಪೆನ್ಸಿಲ್ ಕೊಟ್ಟು ಬೀಳ್ಕೊಂಡಳು. ಗೋಜೆಯಲ್ಲಿ ನೆಲದ ಮಹಡಿಯ ಮನೆ ಸಿಕ್ಕಿತು. ಅದರ ಕೆಳಗೆ ಬರೀ ಭೂಮಿ. ಭೂಮಿ ಫೋನು ಮಾಡುವುದಿಲ್ಲ.

ಈಗ ಅವನು ಆರನೇ ಮಹಡಿಯ ಗಂಟೆ ಒತ್ತಿ, ಬಾಗಿಲು ತೆರೆಯುವ ಮೊದಲೇ ಬಗ್ಗಿ ನಿಂತ.

“ಕ್ಷಮಿಸಿ ಅಜ್ಜಿ, ತಪ್ಪಾಯ್ತು. ಒಂದು ವರ್ಷದಿಂದ ತಪ್ಪಾಯ್ತು.”

“ಮೇಲಿನ ಮನೆಯವನಾ? ಬಾರಪ್ಪ, ಬಾ. ಮಳೇಲಿ ನೆನೀತಿತ್ತು, ಒಳಗಿಟ್ಟೆ,” ಎಂದರು ಅಜ್ಜಿ. ತೀರಾ ಪುಟ್ಟ ಮನುಷ್ಯೆ. ಗಿತೇ ಬಗ್ಗಿದ್ದರಿಂದಲೇ ಅವರ ಮುಖ ಸರಿಯಾಗಿ ಕಂಡಿತು. ಕುಕ್ಕರನ್ನು ಒರೆಸಿ, ಮುಚ್ಚಳ ತೆಗೆದು ಒಳಗೆ ಅಕ್ಕಿ ತುಂಬಿದ್ದರು. “ಹೊಸ ಮನೆಗೆ ಖಾಲಿ ಕುಕ್ಕರ್ ಹೋಗ್ಬಾರ್ದು. ಗಾವೊನ್ ಹೇಗಿದಾನೆ? ಇನ್ನೂ ನಡೆದಿಲ್ಲ ಅಲ್ವಾ?”

“ನಿಮಗೆ... ಹೆಸರು ಹೇಗೆ ಗೊತ್ತು?”

“ದಿನಾ ಕರೀತೀರಲ್ಲ. ಸೂರಿಂದ ಎಲ್ಲಾ ಕೇಳುತ್ತೆ. ಮಳೆಗಾಲದಲ್ಲಿ ಮಗುಚಿಕೊಂಡ, ಧಬ್ ಅಂತ. ಸುಗ್ಗಿ ಹಬ್ಬದ ಹೊತ್ತಿಗೆ ಅಂಬೆಗಾಲು. ಆ ಗೋಡೆಯಿಂದ ಈ ಗೋಡೆಗೆ, ಇಲಿ ಮರಿ ಹಾಗೆ. ಗಂಡ ಹೋದ್ಮೇಲೆ ಈ ಮನೇಲಿ ಬೇರೆ ಸದ್ದೇ ಇರ್ಲಿಲ್ಲ. ಗಾವೊನ್ ಅಂಬೆಗಾಲಲ್ಲಿ ಹೊರಟ ಅಂದ್ರೆ ನಾನು ಟೀವಿ ಆರಿಸಿ ಕೇಳ್ತಾ ಕೂರ್ತಿದ್ದೆ.”

“ಮತ್ತೆ... ಸದ್ದಿನ ವಿಷ್ಯ ಕೇಳ್ತಿದ್ರಲ್ಲ?”

“ಕೇಳ್ದೆ ಇರ್ತೀನಾ? ಇದ್ದಕ್ಕಿದ್ದಂಗೆ ನಿಂತುಹೋಗ್ತಿತ್ತು. ಮಗೂಗೆ ಜ್ವರಾನಾ, ಬಿದ್ದನಾ, ಏನೋ ಅಂತ ಜೀವ ತಡೀತಿರ್ಲಿಲ್ಲ. ನಾನೇ ಮೇಲೆ ಬರೋಣ ಅಂದ್ರೆ, ಕೆಳಗಿನ ಮನೆಯವಳು ಬಾಗಿಲಿಗೆ ಬಂದ್ರೆ ಜಗಳಕ್ಕೆ ಬಂದ್ಲು ಅಂದ್ಕೋತೀರಿ. ಅದಕ್ಕೇ ಪ್ಯೋನ ಕೈಲಿ ಕೇಳಿಸ್ತಿದ್ದೆ, ಯಾಕೆ ಸದ್ದಿಲ್ಲ ಅಂತ.” ಅಜ್ಜಿ ನಕ್ಕರು. “ಎಷ್ಟು ಒಳ್ಳೇ ಮಕ್ಕಳಪ್ಪ ನೀವು. ವಿಚಾರಿಸ್ದಾಗೆಲ್ಲ ಹಣ್ಣು. ಕಾಲುಚೀಲ ಸರಿಹೋಯ್ತಾ?”

ಸರಿಹೋಯಿತು ಎಂದ ಗಿತೇ. ಅದು ಕಸದ ಚೀಲದಲ್ಲಿ ಹೋಗಿತ್ತು.

ಕುಕ್ಕರ್ ಅಪ್ಪಿಕೊಂಡು ಹೊರಬಂದವನು ಒಂದು ಕ್ಷಣ ಮೆಟ್ಟಿಲ ಬಳಿ ನಿಂತ. ಮೇಲಕ್ಕೆ ಹೋಗಿ, ಎಲ್ಲ ವಾಪಸು ಹತ್ತಿಸಿ ಎಂದುಬಿಡಲೇ? ಆದರೆ ಏಣಿಯ ಸರಪಳಿ ಬಿಟ್ಟುಕೊಂಡು ಸಾಮಾನೆಲ್ಲ ಇಳಿದಿತ್ತು, ಕೆಳಗೆ ಹೊಸ ಬಾಡಿಗೆಯವರ ಲಾರಿ ಆಗಲೇ ಬಂದು ಹಾರ್ನ್ ಹೊಡೆಯುತ್ತಿತ್ತು. ಬಾಗಿಲಿಂದ ಅಜ್ಜಿ ಕೇಳಿದರು: “ಬರೋರಿಗೆ ಮಕ್ಕಳಿದಾವಾ?”

“ಇಲ್ಲ ಅಜ್ಜಿ. ಬೆಕ್ಕು.”

“ಬೆಕ್ಕಾ,” ಎಂದು ಅಜ್ಜಿ ಮೆಲ್ಲಗೆ ಬಾಗಿಲು ಹಾಕಿಕೊಂಡರು.

ಗೇಟಿನಲ್ಲಿ ಗಿತೇ ಪ್ಯೋ ಮಾಮನನ್ನು ಹಿಡಿದ. “ಯಾಕೆ ಸದ್ದಿಲ್ಲ ಅಂತ ಅವರು ಕೇಳಿದ್ರಂತೆ. ನೀವು ಹಾಗೆ ಹೇಳ್ಳೇ ಇಲ್ವಲ್ಲ ಮಾಮ!”

“ಸದ್ದಿನ ವಿಷ್ಯ ಕೇಳ್ತಿದಾರೆ ಅಂದೆ. ಕೇಳ್ತಿದ್ರು ತಾನೆ?” ಎಂದ ಪ್ಯೋ, ಟೋಪಿ ಸರಿಮಾಡಿಕೊಂಡು. “ನನ್ನ ಸರ್ವೀಸಲ್ಲಿ ಸದ್ದು ಸಾಲ್ದು ಅಂದೋರನ್ನ ನಾನು ಕಂಡಿಲ್ಲ ಸಾರ್. ಅಜ್ಜಿ ಮರ್ಯಾದಸ್ತೆ, ವ್ಯಂಗ್ಯವಾಗಿ ಹೇಳ್ತಿದಾರೆ ಅಂದ್ಕೊಂಡೆ.”

ಕಾರಿನಲ್ಲಿ ಗಿತೇ ಎಲ್ಲ ಹೇಳಿದ. ಯೊಂಜು ಮೊದಲು ನಕ್ಕಳು, ಆಮೇಲೆ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಮಗನ ಬರಿಗಾಲನ್ನು ನೋಡಿದಳು.

“ಹಾಗಾದ್ರೆ ನಾವು ಯಾಕೆ ಹೋಗ್ತಿದೀವಿ?” ಎಂದಳು ಕೊನೆಗೆ.

“ಕಂಪನಿ ಹಾಕಿದೆಯಲ್ಲ,” ಎಂದ ಗಿತೇ, ರಸ್ತೆಯಿಂದ ಕಣ್ಣು ತೆಗೆಯದೆ. ತೊಡೆಯ ಮೇಲೆ ಕುಕ್ಕರ್ ಇಟ್ಟುಕೊಂಡು ಕಾರು ಓಡಿಸಲಾಗದೆ ಅದನ್ನು ಅವಳ ತೊಡೆಗೆ ದಾಟಿಸಿದ್ದ. ತಿರುವು ಬಂದಾಗೆಲ್ಲ ಅಕ್ಕಿ ಸರಕ್ಕೆನ್ನುತ್ತಿತ್ತು.

ಕಾರು ಸೇತುವೆ ದಾಟಿ ದ್ವೀಪ ಸೇರಿತು. ಸಂಜೆಯ ಹೊತ್ತಿಗೆ ಗೋಜೆಯ ಮನೆಯೊಳಗೆ ಕುಕ್ಕರ್ ಮೊದಲು ಹೋಯಿತು. ಅದರ ಹಿಂದೆ ಸಂಸಾರ. ಚಾಪೆ ಹಾಸದ ನುಣ್ಣನೆಯ ನೆಲದ ಮೇಲೆ ಮಗನನ್ನು ನಿಲ್ಲಿಸಿ ಗಿತೇ ಎರಡು ಮಾರು ದೂರದಲ್ಲಿ ಮಂಡಿಯೂರಿ ಕೂತ. “ಬಾ ಮರಿ! ಧಬಧಬ ಅಂತ ಬಾ! ಕುಟ್ಟು ನೆಲಾನ! ಯಾರೂ ಇಲ್ಲ ಕೆಳಗೆ!”

ಗಾವೊನ್ ಒಂದು ಕಾಲನ್ನು ಎತ್ತಿದ. ಅಪ್ಪನ ಮುಖ ನೋಡಿದ, ಅಮ್ಮನ ಮುಖ ನೋಡಿದ. ಆಮೇಲೆ ಆ ಕಾಲನ್ನು ಚೂರೂ ಸದ್ದಾಗದಂತೆ, ಇದ್ದಲ್ಲೇ ಇಟ್ಟು, ಮೆತ್ತಗೆ ಕೂತುಬಿಟ್ಟ. ಯೊಂಜು ಗೋಡೆಗೆ ತಿರುಗಿ ನಿಂತಳು.

ಅಷ್ಟರಲ್ಲಿ ಸೂರು ನಡುಗಿತು. ಧಬಧಬಧಬ! ಮೇಲಿನ ಮನೆಯಲ್ಲಿ ಯಾವುದೋ ಮಗು ಆ ಗೋಡೆಯಿಂದ ಈ ಗೋಡೆಗೆ ಕುದುರೆಯ ಹಾಗೆ ಓಡಿತು. ಗಾವೊನ್ ಕತ್ತೆತ್ತಿ ನೋಡಿದ. ಬಾಯಿ ತೆರೆದು ನಕ್ಕ. ಮತ್ತೆ ಧಬಧಬ. ಗಾವೊನ್ ಪೆಟ್ಟಿಗೆ ಹಿಡಿದು ಎದ್ದ, ಪೆಟ್ಟಿಗೆ ಬಿಟ್ಟ, ಒಂದು ಕಾಲನ್ನು ಮುಂದಕ್ಕೆ ಎತ್ತಿದ. ಗಿತೇ ಎರಡೂ ಕೈ ಚಾಚಿದ.

ಮೇಲೆ ಸದ್ದು ಥಟ್ಟನೆ ನಿಂತಿತು.

ಗಾವೊನ್ ಸ್ವಲ್ಪ ಹೊತ್ತು ಕಾದ. ಕೂತ.

“ಮೇಲಿನ ಮಗು ಬಿತ್ತೇನೋ ಪಾಪ,” ಎಂದಳು ಯೊಂಜು. ಗಿತೇಗೆ ಅಜ್ಜಿಯ ಮುಖ ನೆನಪಾಯಿತು. ಗೋಡೆಯ ಫೋನು ಎತ್ತಿ ಹೊಸ ಕಾವಲುಗಾರನಿಗೆ ಆದಷ್ಟು ಮೃದುವಾಗಿ ಹೇಳಿದ: “ನಾವು ಇವತ್ತು ಬಂದೋರು. ಮೇಲಿನ ಮನೆ ಮಗು ಓಡಾಡ್ತಿತ್ತು, ಈಗ ಸದ್ದಿಲ್ಲ. ಚೆನ್ನಾಗಿದೆ ತಾನೆ ಅಂತ ಸ್ವಲ್ಪ ವಿಚಾರಿಸ್ತೀರಾ?”

“ಅರ್ಥ ಆಯ್ತು ಸಾರ್,” ಎಂದಿತು ಆ ಕಡೆಯ ದನಿ, ಗಂಟಲು ತಗ್ಗಿಸಿ. “ಬಂದ ದಿನಾನೇ ನಿಮಗೆ ಹೀಗಾಗ್ಬಾರ್ದಿತ್ತು. ನಾನು ನೋಡ್ಕೋತೀನಿ.”

“ಅಲ್ಲ, ಹಾಗಲ್ಲ, ತಡೀರಿ...” ಫೋನು ಕಟ್ಟಾಗಿತ್ತು.

ಹತ್ತು ನಿಮಿಷ ಕಳೆದಿರಲಿಲ್ಲ, ಬಾಗಿಲ ಬಳಿ ಏನೋ ಸರಸರ ಸದ್ದಾಯಿತು. ಗಿತೇ ಹಾರಿ ಹೋಗಿ ತೆರೆದ. ಅವನದೇ ವಯಸ್ಸಿನ ಒಬ್ಬ, ಬಾಗಿಲ ಹಿಡಿಗೆ ಚೀಲ ತೂಗುಹಾಕುತ್ತಿದ್ದವನು, ಸಿಕ್ಕಿಬಿದ್ದ ಕಳ್ಳನಂತೆ ನಿಂತಲ್ಲೇ ಸೊಂಟ ಬಗ್ಗಿಸಿದ.

“ಕ್ಷಮಿಸಿ ಸಾರ್! ನಾಳೇನೇ ಚಾಪೆ ಹಾಸ್ತೀವಿ!”

“ಅಯ್ಯೋ, ಬೇಡ ಮಾರಾಯ್ರೆ! ಓಡಾಡ್ಲಿ. ಧಬಧಬ ಅಂತ ಓಡಾಡ್ಲಿ. ನಮಗೆ ಆ ಸದ್ದು ಬೇಕು!”

ಆತನ ಮುಖದಲ್ಲಿದ್ದ ರಕ್ತವೆಲ್ಲ ಇಳಿಯಿತು. “ಎರಡೆರಡು ಹಾಸ್ತೀವಿ ಸಾರ್,” ಎಂದು ಹಿಂದಕ್ಕೆ ಹಿಂದಕ್ಕೆ ಬಗ್ಗುತ್ತಾ, ಮೆಟ್ಟಿಲ ಮೇಲೆ ತುದಿಗಾಲಿನಲ್ಲಿ ಮಾಯವಾದ.

ಗಿತೇ ಚೀಲ ಹಿಡಿದು ಒಳಗೆ ಬಂದ. ಮೇಲಿನ ಮನೆಯಲ್ಲಿ ಉಸಿರೂ ಇರಲಿಲ್ಲ. ಗಾವೊನ್ ಪೆಟ್ಟಿಗೆಗಳ ನಡುವೆ ಕೂತು, ಕತ್ತೆತ್ತಿ, ಸೂರನ್ನೇ ನೋಡುತ್ತಿದ್ದ.

ಯೊಂಜು ಆ ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿದು ತೊಳೆ ಬಾಯಿಗೆ ಹಾಕಿಕೊಂಡಳು.

“ಸಿಹಿಯಾಗಿದೆ, ಗಾವೊನಪ್ಪ,” ಎಂದಳು. “ನಾವು ಅಜ್ಜಿಗೆ ಕೊಡ್ತಿದ್ದಿದ್ದು ಇಷ್ಟು ಸಿಹಿ ಇರ್ತಿರ್ಲಿಲ್ಲ.”