ಮರುಚಾಲನೆ ಅರ್ಜಿ, ಮೂರು ಪ್ರತಿಗಳಲ್ಲಿ

ಮಿಯಾಪುರದ ನಮ್ಮ ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟಿನ ಲಿಫ್ಟು ಕಳೆದ ಆರು ತಿಂಗಳಲ್ಲಿ ಅನುಮತಿಯಿಲ್ಲದೆ ಒಮ್ಮೆಯೂ ಮರುಚಾಲನೆಗೊಂಡಿಲ್ಲವೆಂದು ನಿವಾಸಿಗಳ ಸಂಘವು ಹರ್ಷದಿಂದ ದಾಖಲಿಸುತ್ತದೆ.

ಮೊದಲು ಹೀಗಿರಲಿಲ್ಲ. ಲಿಫ್ಟಿನ ನಿಯಂತ್ರಣ ಪೆಟ್ಟಿಗೆಯಲ್ಲಿ ವಾಚ್‌ಡಾಗ್ ಎಂಬ ಚಿಕ್ಕ ಸರ್ಕ್ಯೂಟ್ ಇದೆ. ಲಿಫ್ಟು ನಡೆಸುವ ಪ್ರೋಗ್ರಾಮು ಎರಡು ಸೆಕೆಂಡಿಗೊಮ್ಮೆ ‘ಬದುಕಿದ್ದೇನೆ’ ಎಂದು ಅದಕ್ಕೆ ವರದಿ ಮಾಡಬೇಕು. ವರದಿ ಬಾರದಿದ್ದರೆ ವಾಚ್‌ಡಾಗ್ ಯಾರನ್ನೂ ಕೇಳದೆ ಎಲ್ಲವನ್ನೂ ಆರಿಸಿ ಮತ್ತೆ ಶುರುಮಾಡುತ್ತದೆ. ಲಿಫ್ಟು ನೆಲಮಹಡಿಗಿಳಿದು ಬಾಗಿಲು ತೆರೆಯುತ್ತದೆ. ನಲವತ್ತು ಸೆಕೆಂಡಿನ ಕೆಲಸ.

ಈ ‘ಯಾರನ್ನೂ ಕೇಳದೆ’ ಎಂಬುದು ಸಂಘದ ಕಾರ್ಯದರ್ಶಿ ಗುರುಬಸವ ಅವರ ಮನಸ್ಸಿಗೆ ಚುಚ್ಚಿತು. ಕೈರೋದಲ್ಲಿ ಲಿಫ್ಟು ಕೆಟ್ಟರೆ ಬೈಯುತ್ತಾರೆ, ಟೋಕಿಯೋದಲ್ಲಿ ಕ್ಷಮೆ ಕೇಳುತ್ತಾರೆ. ಮಿಯಾಪುರದಲ್ಲಿ ನಿಯಮ ಮಾಡಿದರು. ಮರುಚಾಲನೆಗೆ ಮೂರು ಪ್ರತಿಗಳಲ್ಲಿ ಅರ್ಜಿ, ಕಾರ್ಯದರ್ಶಿಯ ಖುದ್ದು ಸಹಿ, ಆಮೇಲೆ ಬಟನ್.

ವಾಚ್‌ಡಾಗನ್ನು ನಡೆಸುವ, ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮನ್ನು ಬರೆದ ಇಂಜಿನಿಯರ್ ಶಾಂಭವಿ ಆರನೆಯ ಮಹಡಿಯಲ್ಲೇ ಇದ್ದಳು. ಅವಳು ಗುರುಬಸವರನ್ನು ಕೇಳಿದಳು: “ಕಾಕಾ, ಪ್ರೋಗ್ರಾಮ್ ಸತ್ತ ಮ್ಯಾಲ ಅರ್ಜಿ ಯಾರು ಬರೀಬೇಕ್ರಿ?”

“ಸತ್ತವರ ಪರವಾಗಿ ವಾರಸುದಾರರು ಬರೀತಾರವ್ವಾ. ಅದಕ್ಕೂ ಫಾರ್ಮ್ ಐತಿ.”

ಶಾಂಭವಿ ಡ್ರೈವರ್ ತಿದ್ದಿದಳು. ಅಂದಿನಿಂದ ವಾಚ್‌ಡಾಗ್ ಕೆಂಪು ದೀಪ ಹಚ್ಚಿ ಸಹಿಗಾಗಿ ಕಾಯತೊಡಗಿತು.

ಒಂದು ಬೆಳಿಗ್ಗೆ ಎಂಟೂವರೆಗೆ ಲಿಫ್ಟು ಐದು–ಆರನೆಯ ಮಹಡಿಗಳ ನಡುವೆ ನಿಂತಿತು. ಒಳಗಿದ್ದವರು ಇಬ್ಬರು: ಗುರುಬಸವ, ಮತ್ತು ನಾಲ್ಕು ಮನೆಗೆ ಅಡಿಗೆ ಮಾಡುವ ಯಾದಗಿರಿ ಕಡೆಯ ಸೂಗಮ್ಮ. ಸೂಗಮ್ಮ ತನ್ನ ಮಗಳು ಭಾಗ್ಯಶ್ರೀಯ ಹಾಲ್ ಟಿಕೆಟನ್ನು ಅದೇ ತಾನೆ ಶಾಂಭವಿಯ ಮನೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೊರಟಿದ್ದಳು. ಮಗಳು ಅಮೀರ್‌ಪೇಟ್‌ನ ಪರೀಕ್ಷಾ ಕೇಂದ್ರದ ಮುಂದೆ ನಿಂತಿದ್ದಳು. ಒಂಬತ್ತೂವರೆಗೆ ಗೇಟು ಬಂದ್.

ಕಾವಲುಗಾರ ಮೌನಪ್ಪ ಆರನೆಯ ಮಹಡಿಯ ಬಾಗಿಲನ್ನು ಒಂದು ಗೇಣು ಸರಿಸಿದ. ಶಾಂಭವಿ ಆ ಸಂದಿಯಿಂದ ಅರ್ಜಿ ಇಳಿಬಿಟ್ಟಳು. ಕಾರ್ಯದರ್ಶಿಗಳು ಕನ್ನಡಕ ಏರಿಸಿದರು.

“ಅರ್ಜಿದಾರರು ಅನ್ನೋ ಜಾಗಾದಾಗ ‘ಲಿಫ್ಟ್’ ಅಂತ ಬರದೀಯಲ್ಲ, ಲಿಫ್ಟಿಗೆ ಸದಸ್ಯತ್ವ ಐತೇನು? ಒಳಗ ಸಿಕ್ಕೊಂಡ ಸದಸ್ಯರ ಅರ್ಜಿದಾರರಾಗಬೇಕು.”

“ಹಂಗಾರ ನಿಮ್ಮ ಹೆಸರ ಬರೀತೀನಿ!”

“ನನ್ನ ಅರ್ಜಿಗೆ ನಾನ ಸಹಿ ಹಾಕಿದ್ರ ಮಂದಿ ಏನಂದಾರು?”

“ಸಾಹೇಬ್ರ, ನನ್ನ ಹೆಸರ ಹಾಕ್ರಿ,” ಎಂದಳು ಸೂಗಮ್ಮ. “ಪೋರಿ ಗೇಟಿನ ಮುಂದ ಅಳಾಕತ್ತಿರ್ತಾಳ.”

“ನೀ ಸದಸ್ಯಳಲ್ಲವ್ವಾ,” ಎಂದರು ಅವರು, ನಿಜವಾದ ವಿಷಾದದಿಂದ. “ನನ್ನ ಹೆಸರಿನ ಅರ್ಜಿಗೆ ಉಪಕಾರ್ಯದರ್ಶಿ ಗಿರಿಜಾಬಾಯಿ ಬಂದ್ರ ಸಹಿ ಮಾಡಬಹುದು.”

ಗಿರಿಜಾಬಾಯಿ ಸುಲ್ತಾನ್ ಬಜಾರಿಗೆ ಹೋಗಿದ್ದರು. ಫೋನು ಎತ್ತಲಿಲ್ಲ.

ಸೂಗಮ್ಮ ಸಾಹೇಬರನ್ನು ನೋಡಿದಳು, ಸಂದಿಯನ್ನು ನೋಡಿದಳು. ಹಾಲ್ ಟಿಕೆಟನ್ನು ಸುರುಳಿ ಸುತ್ತಿ ಮೇಲೆತ್ತಿದಳು. “ಶಾಂಭವಕ್ಕಾ, ಕಾಗದ ಹೊರಗ ಹೋಗಾಕ ಸಹಿ ಬೇಕೇನ?”

ಕಾರ್ಯದರ್ಶಿಗಳು ನಿಯಮಾವಳಿಯನ್ನು ಮನಸ್ಸಿನಲ್ಲೇ ತಿರುವಿಹಾಕಿ, ಕಾಗದದ ನಿರ್ಗಮನದ ಕುರಿತು ಉಲ್ಲೇಖವಿಲ್ಲವೆಂದು ದೃಢಪಡಿಸಿದರು. ಶಾಂಭವಿ ಮೆಟ್ಟಿಲಿಳಿದು ಮೆಟ್ರೋಗೆ ಓಡಿದಳು. ಒಂಬತ್ತು ಇಪ್ಪತ್ತಾರಕ್ಕೆ ಭಾಗ್ಯಶ್ರೀ ಗೇಟಿನೊಳಗೆ.

ಇನ್ನು ಉಳಿದದ್ದು ನಾಲ್ಕು ಮನೆಯ ಮಧ್ಯಾಹ್ನದ ಊಟ. ಸಂದಿಯಿಂದ ಚವಳಿಕಾಯಿ ಇಳಿಯಿತು, ಈಳಿಗೆ ಇಳಿಯಿತು, ಮೂರನೆಯ ಮನೆಗೆ ಖಾರ ಕಡಿಮೆ ಇರಲೆಂಬ ಸೂಚನೆಯೂ ಇಳಿಯಿತು.

“ತುದಿ ಮುರದ್ರ ಸಾಕ್ರಿ ಸಾಹೇಬ್ರ,” ಎಂದಳು ಸೂಗಮ್ಮ. “ಒಂದೊಂದಕ್ಕ ಸಹಿ ಬ್ಯಾಡ.”

ಮಧ್ಯಾಹ್ನ ಮೂರಕ್ಕೆ ಗಿರಿಜಾಬಾಯಿ ಬಂದು ಮೂರೂ ಪ್ರತಿಗೆ ಸಹಿ ಮಾಡಿದರು. ಲಿಫ್ಟು ನಲವತ್ತು ಸೆಕೆಂಡಿನಲ್ಲಿ ಇಳಿಯಿತು. ಇಷ್ಟು ವೇಗವೆಂದು ಯಾರೂ ಎಣಿಸಿರಲಿಲ್ಲ, ಚಪ್ಪಾಳೆ ತಟ್ಟಿದರು.

ಈಗ ಲಿಫ್ಟಿನೊಳಗೆ ಎರಡು ಕುರ್ಚಿ, ಒಂದು ಈಳಿಗೆ ಇವೆ. ಹತ್ತುವವರು ಪೆನ್ನು, ನೀರು, ಆ ದಿನದ ಕಾಯಿಪಲ್ಯ ಒಯ್ಯುತ್ತಾರೆ. ಇದುವರೆಗೆ ಯಾರೂ ಆಕ್ಷೇಪಿಸಿಲ್ಲ. ಆಕ್ಷೇಪಣೆಯ ಫಾರ್ಮು ಹನ್ನೆರಡನೆಯ ಮಹಡಿಯಲ್ಲಿ ದೊರೆಯುತ್ತದೆ.