ಮೊಣಕಾಲು ಸರಿಯಾಯಿತು, ಮಗ ಮರೆತುಹೋದ

ಹುಷಾರಿಲ್ಲದವರನ್ನು ನೋಡಲು ಹೋದಾಗ ನಮ್ಮ ಕರಾವಳಿಯ ಜನ ‘ಹೇಗಿದ್ದೀರಿ?’ ಎಂದು ಕೇಳುವುದು ಕಡಿಮೆ. ಹಾಸಿಗೆಯ ಮೇಲೆ ಬಗ್ಗಿ, ಮುಖವನ್ನು ರೋಗಿಯ ಮೂಗಿನ ಹತ್ತಿರ ತಂದು, ‘ಗುರ್ತ ಸಿಕ್ಕಿತಾ?’ ಎಂದು ಪರೀಕ್ಷೆ ಮಾಡುತ್ತಾರೆ. ಪ್ರೀತಿಯಿಂದಲೇ, ಅದರಲ್ಲಿ ಸಂಶಯವಿಲ್ಲ. ಆದರೆ ರೋಗಿ ಆ ಪರೀಕ್ಷೆಯಲ್ಲಿ ನಪಾಸಾದರೆ ಮನೆಯವರಿಗೆ ಎಂಥ ಸಂಕಟವಾಗುತ್ತದೆ ಎಂಬುದು ಸೌದಿಯ ಅಭಾ ಪಟ್ಟಣದ ಆಸ್ಪತ್ರೆಯೊಂದರಲ್ಲಿ ನನಗೆ ಗೊತ್ತಾಯಿತು.

ನನ್ನ ತಾಯಿ, ಅಂದರೆ ಉಮ್ಮ, ನಮ್ಮ ಜೊತೆ ಅಭಾದಲ್ಲೇ ಇದ್ದರು. ಎಪ್ಪತ್ತೈದು ದಾಟಿದ ಜೀವ, ಮೊಣಕಾಲು ಸವೆದು ನಮಾಜನ್ನೂ ಕುರ್ಚಿಯಲ್ಲೇ ಮುಗಿಸುವ ಸ್ಥಿತಿ. ಕೊನೆಗೆ ಮೊಣಕಾಲು ಬದಲಿಸುವುದೆಂದಾಯಿತು. ಆಪರೇಷನ್‌ಗೆ ಒಯ್ಯುವ ಮುಂಚೆ ನರ್ಸ್ ಉಮ್ಮನ ಕನ್ನಡಕ, ಕಿವಿಯ ಮೆಷಿನ್, ಹಲ್ಲಿನ ಸೆಟ್ಟು ಮೂರನ್ನೂ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು. ಬೆಲೆಬಾಳುವ ವಸ್ತು ಕೈಗೆ ಬಂದರೆ ಗಲ್ಫಿನವನಿಗೆ ಗೊತ್ತಿರುವುದು ಒಂದೇ ಕೆಲಸ. ಮನೆಗೆ ಒಯ್ದು, ಹೆಂಡತಿಯ ಬಂಗಾರದ ಪಕ್ಕದಲ್ಲಿಟ್ಟು, ಕಪಾಟಿಗೆ ಬೀಗ ಹಾಕಿದೆ.

ಮರುದಿನ ನಮ್ಮೂರಿನ ಗೆಳೆಯರು ತಂಡ ತಂಡವಾಗಿ ಬಂದರು. ಮೊದಲು ಹಮೀದ್ ಬಗ್ಗಿ, ‘ಉಮ್ಮ, ಗುರ್ತ ಸಿಕ್ಕಿತಾ? ನಾನು ಯಾರು ಹೇಳಿ ನೋಡುವ?’ ಎಂದ. ಉಮ್ಮ ಅವನನ್ನು ಬಸ್ ಕಂಡಕ್ಟರ್ ಎಂದುಕೊಂಡು, ಹಲ್ಲಿಲ್ಲದ ಬಾಯಲ್ಲಿ ‘ಬಂಟ್ವಾಳದಲ್ಲಿ ಇಳಿಸು ಮಾರಾಯ’ ಎಂದರು. ಎಲ್ಲರೂ ನಕ್ಕರು. ನಾನೂ ನಗುತ್ತಲೇ ಬಗ್ಗಿದೆ. ಉಮ್ಮ ತಲೆಯ ಬಟ್ಟೆ ಸರಿಪಡಿಸಿಕೊಂಡು, ‘ನೀವು ಡಾಕ್ಟರಾ? ಎಷ್ಟು ಒಳ್ಳೆ ಮುಖ! ನಿಮ್ಮ ಉಮ್ಮನ ಅದೃಷ್ಟ. ನನಗೂ ಒಬ್ಬ ಇದ್ದಾನೆ, ಎಂತ ಪ್ರಯೋಜನ?’ ಎಂದರು. ಹುಟ್ಟಿದಾಗಿನಿಂದ ನನ್ನನ್ನು ‘ನೀವು’ ಎನ್ನದ ಬಾಯಿ ಅದು. ಹೆಂಡತಿ ಜುಬೈದಾ ಬಾತ್‌ರೂಮಿಗೆ ಹೋಗಿ ಅತ್ತು ಬಂದಳು. ಕಾಲು ಕೊಟ್ಟು ತಲೆ ತೆಗೆದುಕೊಂಡರೇ? ಉಮ್ಮ ಇನ್ನು ಮುಂದೆ ನನ್ನ ಗುರ್ತ ಹಿಡಿಯದೆಯೇ ಹೋದರೆ?

ಈಜಿಪ್ಟಿನ ಡಾಕ್ಟರು ಬಂದು, ಇವತ್ತು ಯಾವ ವಾರ ಎಂದು ನನ್ನ ಮೂಲಕ ಕೇಳಿಸಿದರು. ಉಮ್ಮನಿಗೆ ಗೊತ್ತಾಗಲಿಲ್ಲ. ಸೌದಿಯ ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಜಾರಿದ ಮೇಲೆ ನನಗೂ ತಟ್ಟನೆ ಗೊತ್ತಾಗುವುದಿಲ್ಲ. ಇದು ಹುಚ್ಚಲ್ಲ, ವಯಸ್ಸಾದವರಿಗೆ ಇಂಥ ಆಪರೇಷನ್ ಆದ ಮೇಲೆ ತಲೆ ಗೊಂದಲಕ್ಕೆ ಬೀಳುವುದುಂಟು, ಹೆಚ್ಚಿನವರಿಗೆ ಸರಿಹೋಗುತ್ತದೆ ಎಂದು ಅವರು ಸಮಾಧಾನ ಹೇಳಿದರು. ವಯಸ್ಸು, ನೋವು, ಕೆಲವು ಮದ್ದು, ನಿದ್ದೆಗೇಡು, ಮೈಯಲ್ಲಿ ನೀರು ಕಡಿಮೆಯಾಗುವುದು, ಹೀಗೆ ಹತ್ತಾರು ಕಾರಣಗಳಂತೆ. ನೀರಿನ ಮಾತು ಬಂದದ್ದೇ, ಬೆಡ್‌ಪ್ಯಾನ್ ಕೇಳುವ ನಾಚಿಕೆಗೆ ಉಮ್ಮ ನೀರನ್ನೇ ಮುಟ್ಟಿಲ್ಲ ಎಂದು ಜುಬೈದಾ ಬಾಯಿಬಿಟ್ಟಳು. ‘ಇವರಿಗೆ ಕಣ್ಣು, ಕಿವಿ ಸರಿಯಿದೆಯೇ?’ ಎಂದರು ಡಾಕ್ಟರು. ಜುಬೈದಾ ನನ್ನ ಮುಖ ನೋಡಿದಳು. ‘ಎಲ್ಲ ಕಪಾಟಿನಲ್ಲಿ ಭದ್ರವಾಗಿದೆ’ ಎಂದೆ. ‘ಯಲ್ಲಾ, ಹೋಗಿ ತನ್ನಿ!’ ಎಂದರು.

ಅಂದೇ ಕನ್ನಡಕ ಮೂಗಿಗೇರಿತು, ಮೆಷಿನ್ ಕಿವಿಗೇರಿತು, ಹಲ್ಲು ಬಾಯಿ ಸೇರಿತು. ಗೆಳೆಯರಿಗೆ ಕೈಮುಗಿದು ಬರಬೇಡಿ ಎಂದೆವು. ಜುಬೈದಾ ಪಕ್ಕದಲ್ಲೇ ಕುಳಿತು ಗುಟುಕು ಗುಟುಕಾಗಿ ನೀರು ಕುಡಿಸಿದಳು. ಆದರೂ ಒಂದೆರಡು ದಿನ ಉಮ್ಮ ಆಗಾಗ ಬಂಟ್ವಾಳದ ಬಸ್ಸು ಹತ್ತಿ ಇಳಿಯುತ್ತಲೇ ಇದ್ದರು. ಆಮೇಲೊಂದು ಬೆಳಗ್ಗೆ, ಚೆನ್ನಾಗಿ ನಿದ್ದೆ ಮಾಡಿ ಎದ್ದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

‘ಎಂತ ಇದು ನಿನ್ನ ವೇಷ? ಒಗೆದ ಅಂಗಿ ಇರಲಿಲ್ವಾ? ಆ ಹುಡುಗಿಯನ್ನು ಇಲ್ಲಿ ಕೂರಿಸಿ ನೀನು ಎಲ್ಲಿ ತಿರುಗ್ತಾ ಇದ್ದೆ? ಐವತ್ತು ವರ್ಷ ಆಯ್ತು, ಬುದ್ಧಿ ಬರುವುದು ಯಾವಾಗ?’

‘ಅಲ್‌ಹಮ್ದುಲಿಲ್ಲಾ, ಉಮ್ಮನಿಗೆ ಗುರ್ತ ಸಿಕ್ಕಿತು!’ ಎಂದು ಜುಬೈದಾ ಕಣ್ಣೊರೆಸಿಕೊಂಡಳು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಉಮ್ಮ ಬೈಯುತ್ತಲೇ ಇದ್ದರು, ನಾನು ತುಂಬಿದ ಕಣ್ಣಲ್ಲಿ ಕೇಳುತ್ತಲೇ ಇದ್ದೆ. ಜೀವಮಾನದಲ್ಲಿ ಒಮ್ಮೆಯಾದರೂ ಉಮ್ಮನ ಬಾಯಿಂದ ಹೊಗಳಿಸಿಕೊಂಡೆ, ಅದೇ ದೊಡ್ಡದು. ಆಗ ನಾನು ಬೇರೆಯವರ ಮಗನಾಗಿದ್ದೆ, ಅಷ್ಟೇ.